ಶೇಡಕ್ಕನ ಹಸಿರು ಬಾಟಲಿ

ಶೇಡಕ್ಕ ಜೀವಮಾನದಲ್ಲಿ ಒಂದು ಸಲವೂ ಘೋಷಣೆ ಕೂಗಿದವಳಲ್ಲ. ಯೂನಿಯನ್ನಿನ ಗೇಟ್ ಮೀಟಿಂಗಿಗೆ ಬಂದರೆ ಹಿಂದುಗಡೆ ಗೋಡೆಗೆ ಒರಗಿ ನಿಂತು, ಭಾಷಣ ಮಾಡುವವನ ಅಂಗಿ ನೋಡುತ್ತಿದ್ದಳು. ಒಂದು ಸಲ ನಾನು ಗಂಟಲು ಹರಿಯುವ ಹಾಗೆ ಮುಕ್ಕಾಲು ಗಂಟೆ ಮಾತಾಡಿ ಕೆಳಗಿಳಿದು, ಹೇಗಿತ್ತಕ್ಕ ಅಂತ ಕೇಳಿದೆ. ‘ದರ್ಜಿ ನಿನಗೆ ಮೋಸ ಮಾಡಿದಾನೆ. ಕಾಲರ್ ಒಂದು ಲಾಟಿನ ಬಟ್ಟೆ, ತೋಳು ಇನ್ನೊಂದು ಲಾಟಿಂದು’ ಅಂದಳು. ಮನೆಗೆ ಹೋಗಿ ಅಂಗಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. ನನಗೆ ಎರಡೂ ಒಂದೇ ನೀಲಿ. ಆದರೂ ಆಮೇಲೆ ಆ ಅಂಗಿ ಹಾಕಿಕೊಂಡಾಗಲೆಲ್ಲ ತೋಳು ಇನ್ಯಾರದ್ದೋ ಅನ್ನಿಸೋಕೆ ಶುರುವಾಯಿತು.

ನಮ್ಮ ಬಟ್ಟೆ ಗಿರಣಿಯ ಬಣ್ಣದ ಖಾತೆಯಲ್ಲಿ ಮೂವತ್ತೊಂದು ವರ್ಷ ಅವಳದ್ದು ಶೇಡ್ ನೋಡುವ ಕೆಲಸ. ಬಣ್ಣದ ತೊಟ್ಟಿಯಿಂದ ಎದ್ದು ಒಣಗಿ ಬಂದ ಬಟ್ಟೆಯ ತುಂಡನ್ನು ಗಿರಾಕಿ ಕಳಿಸಿದ ಮೂಲ ತುಂಡಿನ ಪಕ್ಕ ಇಟ್ಟು, ಎರಡರ ಬಣ್ಣವೂ ಒಂದೇ ಹೌದೋ ಅಲ್ಲವೋ ಹೇಳುವುದು. ಕೇಳೋಕೆ ಸಸಾರ. ಕೂತು ಮಾಡಿದವರಿಗೆ ಗೊತ್ತು. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಮ್ಯಾನೇಜರಿನಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಶೇಡಕ್ಕ.

ಶೇಡ್ ರೂಮಿಗೆ ಇದ್ದದ್ದು ಒಂದೇ ಕಿಟಕಿ, ಉತ್ತರಕ್ಕೆ. ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ, ದಿನವಿಡೀ ಬೆಳಕು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬಣ್ಣ ನೋಡಬೇಕಾದರೆ ಆ ಬೆಳಕೇ ಆಗಬೇಕು. ಟ್ಯೂಬ್‌ಲೈಟಿನಲ್ಲಿ ಶೇಡ್ ನೋಡುವವರನ್ನು ‘ಕತ್ತಲೆಯಲ್ಲಿ ಚಪ್ಪಲಿ ಆರಿಸೋ ಜನ’ ಅಂತ ಬೈಯುತ್ತಿದ್ದಳು. ಬಣ್ಣ ಹೊಂದಿದರೆ ಒಂದು ಸಣ್ಣ ತಲೆಯಾಡಿಕೆ. ಹೊಂದದಿದ್ದರೆ ಜೇಬಿನಿಂದ ಸೀಮೆಸುಣ್ಣ ತೆಗೆದು ಬಟ್ಟೆಯ ಮೂಲೆಗೆ ಅಡ್ಡಗೀಟು ಉದ್ದಗೀಟು ಎಳೆಯುವಳು. ಆ ಗುರುತು ಬಿದ್ದ ಬಟ್ಟೆ ಗೇಟು ದಾಟಿದ್ದಿಲ್ಲ. ಮ್ಯಾನೇಜರ್ ಬಂದು ಮೇಜು ಗುದ್ದಿದರೂ ಇಲ್ಲ.

ಹನ್ನೊಂದು ಜನರ ಕಥೆ ಹೇಳದೆ ಮುಂದೆ ಹೋಗೋಕೆ ಆಗಲ್ಲ. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಯೂನಿಫಾರ್ಮಿನ ಹಸಿರು ಬಟ್ಟೆ, ಇಡೀ ಲಾಟು ಶೇಡ್ ತಪ್ಪಿ, ಶೇಡಕ್ಕನ ಸೀಮೆಸುಣ್ಣ ಬಿದ್ದು ಒಳಗೇ ಉಳಿಯಿತು. ಆಗ ನಾವು ನಿಧಾನಗತಿ ಚಳವಳಿಯಲ್ಲಿದ್ದೆವು. ಕೆಲಸಗಾರರು ಬೇಕಂತಲೇ ಕೆಡಿಸಿದ್ದಾರೆ ಅಂತ ಹೇಳಿ ಬಣ್ಣದ ಖಾತೆಯ ಹನ್ನೊಂದು ಜನರನ್ನು ಗೇಟಿನ ಹೊರಗೆ ಹಾಕಿದರು. ಶೇಡಕ್ಕ ಮೊದಲ ಸಲ ಯೂನಿಯನ್ ಆಫೀಸಿನ ಮೆಟ್ಟಿಲು ಹತ್ತಿ ಬಂದು ನನ್ನ ಮುಂದೆ ನಿಂತಳು. ‘ಲೀಡರೇ, ತಪ್ಪು ಕಲಸಿದವರದ್ದಲ್ಲ, ಪುಡಿದು. ಹೊಸದಾಗಿ ತರಿಸಿದ ಡ್ರಮ್ಮಿನ ಪುಡಿಯಲ್ಲಿ ಹಳದಿ ಓಡ್ತಾ ಇದೆ’ ಅಂದಳು. ಅಷ್ಟು ಹೇಳಿ ಹೋದಳು. ಕೂತ್ಕೋ ಅಂದರೂ ಕೂರಲಿಲ್ಲ.

ವಿಚಾರಣೆಯ ದಿನ ಲೇಬರ್ ಆಫೀಸಿನ ಅಧಿಕಾರಿ ಎರಡು ತುಂಡು ಬಟ್ಟೆ ತಂದರು. ಒಂದು ಹಳೆಯ ಡ್ರಮ್ಮಿನ ಪುಡಿಯಲ್ಲಿ ಅದ್ದಿದ್ದು, ಇನ್ನೊಂದು ಹೊಸ ಡ್ರಮ್ಮಿನದರಲ್ಲಿ. ಅಳತೆ ಒಂದೇ, ಕಾವು ಒಂದೇ. ಬೆನ್ನಿಗೆ ಪೆನ್ಸಿಲ್ ಗುರುತು: ಹಳೆಯದಕ್ಕೆ ಒಂದು ಗೀಟು, ಹೊಸದಕ್ಕೆ ಎರಡು. ಮೇಜಿನ ಕೆಳಗೆ ಅದಲುಬದಲು ಮಾಡಿ, ಗೀಟು ಕಾಣದ ಹಾಗೆ ಕಿಟಕಿಯ ಹತ್ತಿರ ಇಟ್ಟರು. ಮ್ಯಾನೇಜರ್ ಬಗ್ಗಿ ನೋಡಿ ‘ಎರಡೂ ಒಂದೇ’ ಅಂದ. ಅವನ ಕಡೆಯವರೆಲ್ಲ ಬಗ್ಗಿ ನೋಡಿ ಎರಡೂ ಒಂದೇ ಅಂದರು. ಶೇಡಕ್ಕ ಎಂಜಲು ನುಂಗುವಷ್ಟು ಹೊತ್ತು ನೋಡಿ, ‘ಎಡಗಡೇದು ಹೊಸ ಡ್ರಮ್ಮು’ ಅಂದಳು. ತಿರುಗಿಸಿದರು. ಎರಡು ಗೀಟು.

ಹನ್ನೊಂದು ಜನರೂ ಮರುವಾರ ಒಳಗೆ ಬಂದರು. ಮೆಟ್ಟಿಲ ಮೇಲೆ ಮ್ಯಾನೇಜರ್ ಅವಳನ್ನು ತಡೆದು ನಿಲ್ಲಿಸಿ, ‘ಇರೋದೇ ಎರಡು, ಅದರಲ್ಲಿ ಒಂದು. ಲಾಟರಿ ಹೊಡೀತು ನಿಂಗೆ, ಅಷ್ಟೇ’ ಅಂದ. ಅವಳು ಸೀಮೆಸುಣ್ಣದ ಕೈ ಸೆರಗಿಗೆ ಒರೆಸಿಕೊಂಡು ಇಳಿದು ಹೋದಳು.

ಈಗ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಆವತ್ತು ಆ ಕಿಟಕಿಯ ಹತ್ತಿರ ನಾನೂ ಬಗ್ಗಿ ನೋಡಿದ್ದೆ. ನನಗೂ ಎರಡೂ ಒಂದೇ. ಗೆದ್ದ ಮೇಲೆ ಇಂಥದ್ದನ್ನೆಲ್ಲ ಯಾರೂ ಹೇಳಿಕೊಂಡು ತಿರುಗಲ್ಲ, ನಾನೂ ತಿರುಗಲಿಲ್ಲ. ಆ ಎರಡು ತುಂಡು ಕೇಸಿನ ಫೈಲಿನ ಜೊತೆ ನನ್ನ ಟ್ರಂಕು ಸೇರಿದವು.

ಗಿರಣಿ ಈಗಿಲ್ಲ. ಗೋಡೆ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ. ಶೇಡಕ್ಕ ರಿಟೈರಾಗಿ ಒಂಬತ್ತು ವರ್ಷ. ನಮ್ಮ ಬೀದಿಯ ಹಿಂದಿನ ಬೀದಿಯಲ್ಲಿ, ಎರಡನೇ ಮಹಡಿಯಲ್ಲಿ, ಮಗ ಸೊಸೆಯ ಜೊತೆ ಇದ್ದಾಳೆ. ಎರಡು ರೂಮು, ಒಂದು ಅಡುಗೆಮನೆ. ನೀರು ಬರೋದು ತಡ, ಮೆಟ್ಟಿಲು ಕಡಿದು. ಆದರೂ ಆ ಮನೆಯೇ ಆಗಬೇಕು ಅಂದಳಂತೆ, ಯಾಕೆಂದರೆ ಅಡುಗೆಮನೆಯ ಕಿಟಕಿ ಉತ್ತರಕ್ಕಿದೆ. ಮಗ ಲಿಫ್ಟ್ ರಿಪೇರಿ ಮಾಡುತ್ತಾನೆ. ಅವನ ಮಾತು ಈ ಕಥೆಯಲ್ಲಿ ಅಷ್ಟಾಗಿ ಇಲ್ಲ, ಮನೆಯಲ್ಲೂ ಅಷ್ಟಾಗಿ ಇಲ್ಲ. ಸೊಸೆ ಸಿಟಿ ಬಸ್ಸಿನ ಡ್ರೈವರು.

ಹಸಿರು ಬಾಟಲಿ ಆ ಮನೆಗೆ ಬಂದದ್ದು ಸೊಸೆಯಿಂದ. ಅವಳದ್ದು ಬೆಳಗಿನ ಮೊದಲ ಪಾಳಿ. ಬಿಸಿ ಟೀ ಇಟ್ಟುಕೊಂಡು ಸ್ಟೇರಿಂಗ್ ತಿರುಗಿಸಿದರೆ ಟೀ ತೊಡೆ ಮೇಲೆ ಇರುತ್ತದೆ. ಡಿಪೋದಲ್ಲಿ ಯಾರೋ ತಣ್ಣಗಿನ ಮಾಚಾ ಕುಡಿಯುವುದನ್ನು ನೋಡಿ ರುಚಿ ಹತ್ತಿಸಿಕೊಂಡಳು. ಮಾಚಾ ಅಂದರೆ ಬೇರೇನಲ್ಲ, ನೆರಳಲ್ಲಿ ಬೆಳೆಸಿದ ಟೀ ಎಲೆಯನ್ನು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಬೀಸಿದ ಹಸಿರು ಪುಡಿ. ಸೋಸಿ ಎಸೆಯುವಂಥದ್ದಲ್ಲ, ಪುಡಿ ಸಮೇತ ಕುಡಿಯುವಂಥದ್ದು. ಒಂದು ಸಂಜೆ ಅವಳು ಬಾಟಲಿಗೆ ತಣ್ಣೀರು ತುಂಬಿ, ಮೇಲಿಂದ ಎರಡು ಚಮಚ ಪುಡಿ ಸುರಿದು ಅಲ್ಲಾಡಿಸಿದಳು. ಪುಡಿ ಗಂಟುಗಂಟಾಗಿ ತೇಲಿತು. ಶೇಡಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

‘ಇದೇನೇ ಡ್ರೈವರಮ್ಮ, ಹೊಂಡದಲ್ಲಿ ಕಪ್ಪೆ ಮೊಟ್ಟೆ ಇಟ್ಟ ಹಾಗಿದೆ.’

‘ಕುಡಿಯೋಕೆ ಅತ್ತೆ.’

‘ಪುಡಿ ಕಲಸೋಕೆ ಬರಲ್ಲ, ಬಸ್ಸು ಹೊಡೀತಾಳಂತೆ.’

‘ಬಸ್ಸಲ್ಲಿ ಗಂಟು ಬರಲ್ಲ ಅತ್ತೆ.’

‘ಈಚೆ ಕೊಡು.’

ಆವತ್ತಿನಿಂದ ಬಾಟಲಿ ಶೇಡಕ್ಕನ ಖಾತೆಗೆ ಬಂತು. ಅವಳು ಮಾಡುವುದನ್ನು ನಾನು ಎಷ್ಟೋ ಸಲ ಕೂತು ನೋಡಿದ್ದೇನೆ. ಮೊದಲು ಟೀ ಸೋಸುವ ಜರಡಿಯಲ್ಲಿ ಪುಡಿ ಹಾಕಿ, ಚಮಚದ ಬೆನ್ನಿನಿಂದ ಒತ್ತಿ ಲೋಟಕ್ಕೆ ಇಳಿಸುವಳು. ಅದಕ್ಕೆ ಎರಡೇ ಎರಡು ಚಮಚ ತಣ್ಣೀರು. ‘ಪುಡಿಗೆ ಒಮ್ಮೆಲೇ ನೀರು ತೋರಿಸಬಾರದು, ಹೆದರಿ ಮುದುಡಿಕೊಳ್ಳುತ್ತೆ. ಮೊದಲು ಸ್ವಲ್ಪದರಲ್ಲಿ ಕಲಸಿ ಹಠ ಬಿಡಿಸಬೇಕು’ ಅನ್ನುವಳು. ಬಣ್ಣದ ಖಾತೆಯಲ್ಲಿ ಹೊಸಬರಿಗೆ ಹೇಳುತ್ತಿದ್ದ ಮಾತೇ ಅದು, ನನ್ನ ಕಿವಿಯಲ್ಲಿ ಇನ್ನೂ ಇದೆ. ಗೋಡೆಗೆ ಬಳಿಯುವಂಥ ಹಸಿರು ಪೇಸ್ಟು ಆದ ಮೇಲೆ ನಿಧಾನಕ್ಕೆ ನೀರು, ಆಮೇಲೆ ಬಾಟಲಿ, ಮುಚ್ಚಳ, ತಲೆಕೆಳಗೆ ಐವತ್ತು ಸಲ. ಸಂಜೆ ಆರಕ್ಕೆ ಫ್ರಿಜ್ಜಿಗೆ. ಬೆಳಿಗ್ಗೆ ತೆಗೆದರೆ ತಳದಲ್ಲಿ ಒಂದು ಬೆರಳು ಹಸಿರು ಕೂತಿರುತ್ತದೆ, ಎರಡು ಸಲ ಮಗುಚಿದರೆ ಮತ್ತೆ ಒಂದಾಗುತ್ತದೆ.

ತಣ್ಣೀರೇ ಯಾಕೆ ಅಂತ ಒಂದು ದಿನ ಕೇಳಿದೆ. ಮೊದಲ ವಾರದಲ್ಲೇ ನಾಲ್ಕು ಲೋಟ ಇಟ್ಟು ನೋಡಿಬಿಟ್ಟಿದ್ದಳು: ಕುದಿನೀರು, ಬಿಸಿ, ಉಗುರುಬೆಚ್ಚಗೆ, ತಣ್ಣಗೆ. ಕುದಿನೀರಿಗೆ ಹಾಕಿದ್ದು ಮುಖ ಕಪ್ಪಿಟ್ಟುಕೊಂಡಿತಂತೆ, ಕಹಿ ಎದ್ದು ಬಂತಂತೆ. ತಣ್ಣೀರಲ್ಲಿ ನೆನೆದದ್ದು ಹಾಗೇ ಹಸಿರಾಗಿ, ಹಿಂದಿನಿಂದ ಒಂಚೂರು ಸಿಹಿ ಬಿಡುತ್ತಿತ್ತು. ‘ಮನುಷ್ಯರ ಥರಾನೇ. ಬಿಸಿ ಮುಟ್ಟಿಸಿದ್ರೆ ಕಹಿ ಕಕ್ಕುತ್ತೆ’ ಅಂದಳು. ಇಷ್ಟೆಲ್ಲ ಮಾಡಿದವಳು ಆ ವಾರ ಕಳೆದ ಮೇಲೆ ಅದನ್ನು ಬಾಯಿಗೆ ಹಾಕಿದವಳೇ ಅಲ್ಲ. ಹುಲ್ಲು ಮೇಯೋಕೆ ನಾನೇನು ಹಸುನಾ ಅನ್ನುವಳು. ರುಚಿ ಹೇಗೆ ಗೊತ್ತಾಗುತ್ತೆ ಅಂದರೆ, ಬಣ್ಣ ನೋಡಿದ್ರೆ ಸಾಕು, ರುಚಿ ಅದರೊಳಗೇ ಇರುತ್ತೆ.

ಎಡವಟ್ಟಾದದ್ದೂ ಅಲ್ಲೇ. ಪುಡಿ ಬರುವುದು ಸಣ್ಣ ತಗಡಿನ ಡಬ್ಬಿಯಲ್ಲಿ. ಮುಚ್ಚಿ ಫ್ರಿಜ್ಜಲ್ಲಿಡಿ ಅತ್ತೆ, ಬೆಳಕು ಸೋಕಬಾರದಂತೆ ಅಂತ ಸೊಸೆ ಹೇಳಿದ್ದಳು. ಶೇಡಕ್ಕ ಅದನ್ನು ಗಾಜಿನ ಭರಣಿಗೆ ಸುರಿದು ಉತ್ತರದ ಕಿಟಕಿಯಲ್ಲಿಟ್ಟಳು. ಡಬ್ಬಿಯೊಳಗೆ ಮುಚ್ಚಿಟ್ಟರೆ ದಿನಾ ಶೇಡ್ ನೋಡೋದು ಹೇಗೆ? ಮೂವತ್ತೊಂದು ವರ್ಷ ಆ ಬೆಳಕಿನಲ್ಲಿಟ್ಟ ಯಾವ ಬಣ್ಣವೂ ಅವಳಿಗೆ ಕೈ ಕೊಟ್ಟಿರಲಿಲ್ಲ. ಆದರೆ ಅದು ಬಟ್ಟೆಯ ಬಣ್ಣ, ಗಟ್ಟಿ ಪಿಂಡ. ಇದು ಪಾಪದ ಎಲೆ.

ಆ ದಿನಗಳಲ್ಲಿ ನನ್ನ ಮೊಣಕಾಲು ಕೈಕೊಟ್ಟು ಒಂದೂವರೆ ತಿಂಗಳು ಮನೆಯಲ್ಲೇ ಬಿದ್ದಿದ್ದೆ. ಎದ್ದು ಓಡಾಡುವ ಹಾಗಾದ ಮೇಲೆ ಒಂದು ಮಧ್ಯಾಹ್ನ ಆ ಕಡಿದು ಮೆಟ್ಟಿಲನ್ನು ಒಂದೊಂದೇ ಹತ್ತಿ ಹೋದೆ. ಸೊಸೆ ಆಗತಾನೇ ಡ್ಯೂಟಿ ಮುಗಿಸಿ ಬಂದು, ಬೂಟು ಕೂಡ ಬಿಚ್ಚದೆ ಊಟದ ಮೇಜಿನ ಮುಂದೆ ಕೂತಿದ್ದಳು. ಶೇಡಕ್ಕ ನನ್ನ ಮುಂದೆ ಒಂದು ಲೋಟ ಇಟ್ಟಳು. ನೋಡಿದರೆ, ಬೇಸಿಗೆಯಲ್ಲಿ ಕೆರೆ ಬತ್ತಿ ತಳದಲ್ಲಿ ಉಳಿಯುತ್ತಲ್ಲ, ಆ ನೀರು.

‘ಇದೇನಕ್ಕ, ಎಮ್ಮೆ ಮೈ ತೊಳೆದದ್ದಾ?’ ಅಂದೆ.

ಮೇಜಿನ ಕೆಳಗೆ ನನ್ನ ಪಾದದ ಮೇಲೆ ಬೂಟು ಬಿತ್ತು. ಡ್ರೈವರ್ ಕಾಲು, ತುಂಬಿದ ಬಸ್ಸಿಗೆ ಬ್ರೇಕ್ ಹಾಕಿದ ಹಾಗೆ.

‘ಏನಂದೆ?’ ಅಂದಳು ಶೇಡಕ್ಕ.

ಮೂವತ್ತು ವರ್ಷ ಬ್ರೇಕಿಲ್ಲದೆ ಮಾತಾಡಿದ ಬಾಯಿ, ಪಾದ ತುಳಿದರೆ ನಿಲ್ಲುತ್ತಾ? ‘ಹಸಿರೇ ಇಲ್ಲವಲ್ಲ ಇದು’ ಅಂದೆ.

ಅವಳು ಲೋಟ ಎತ್ತಿ ಕಿಟಕಿಗೆ ಹಿಡಿದಳು. ‘ಇದಕ್ಕಿಂತ ಹಸಿರು ಬೇಕಾದ್ರೆ ಗಿಣಿ ಹಿಂಡಿ ಕುಡಿ’ ಅಂದು, ಒಣಗಿದ ಬಟ್ಟೆ ತರೋಕೆ ಟೆರೇಸಿಗೆ ಹೋದಳು.

ಸೊಸೆ ನನ್ನ ಕಡೆ ತಿರುಗಿದಳು. ಅವಳು ರಸ್ತೆಯಲ್ಲಿ ಆಟೋದವರ ಕಡೆ ತಿರುಗುವುದು ಹೀಗೇ ಇರಬೇಕು.

‘ಮೂರು ವಾರದಿಂದ ಕುಡೀತಿದೀನಿ ಮಾವ. ಒಣಹುಲ್ಲು ನೆನೆಸಿದ ನೀರು ಥರ ಇದೆ. ತೆಪ್ಪಗೆ ಕುಡೀತಿದ್ದೆ. ನೀವು ಬಂದು ಎರಡು ನಿಮಿಷದಲ್ಲಿ ಊದಿಬಿಟ್ರಿ.’

‘ಯಾಕಮ್ಮ ಕುಡಿದೆ? ಹೇಳಬೇಕಿತ್ತು.’

‘ಏನಂತ ಹೇಳ್ಲಿ? ಅವರಿಗೆ ಕಾಣ್ತಿಲ್ಲ. ಕಾಣ್ತಿಲ್ಲ ಅನ್ನೋದೂ ಗೊತ್ತಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಹೇಳಿಬಿಡ್ತಿದ್ದೆ. ಆ ಕಣ್ಣಿಗೆ ಹೋಗಿ ನಾನು ಹೇಳ್ಲಾ?’

ಅವಳ ಬ್ಯಾಗಿನಲ್ಲಿ ಹೊಸ ಡಬ್ಬಿ ಇತ್ತು, ಒಡೆಯದ್ದು. ತಂದು ಹತ್ತು ದಿನವಾಗಿತ್ತಂತೆ. ಅತ್ತೆಗೆ ಗೊತ್ತಾಗದ ಹಾಗೆ ಭರಣಿಯ ಪುಡಿ ಬದಲಾಯಿಸೋಣ ಅಂದರೆ ಶೇಡಕ್ಕ ಅಡುಗೆಮನೆ ಬಿಟ್ಟು ಅಲ್ಲಾಡುವುದಿಲ್ಲ. ನಾನೆಂದೆ, ಅರ್ಧ ಹೇಳಿ ಆಗಿದೆ, ಅರ್ಧ ಹೇಳಿ ಬಿಡೋದು ಏನೂ ಹೇಳದೇ ಇರೋದಕ್ಕಿಂತ ಕೆಟ್ಟದ್ದು. ತೆಗಿ ಡಬ್ಬಿ.

ಬಿಳಿ ಹಾಳೆಯ ಮೇಲೆ ಎಡಕ್ಕೆ ಭರಣಿಯ ಒಂದು ಚಮಚ, ಬಲಕ್ಕೆ ಹೊಸ ಡಬ್ಬಿಯ ಒಂದು ಚಮಚ. ಒಂದು ಒಣಗಿದ ಸಗಣಿ ಪುಡಿ ಮಾಡಿದ ಹಾಗೆ, ಇನ್ನೊಂದು ಈಗಷ್ಟೇ ಚಿಗುರಿದ ಹುಲ್ಲು. ಸಣ್ಣ ಮಗುವಿಗೂ ಗೊತ್ತಾಗುವಂಥದ್ದು. ಶೇಡಕ್ಕ ಬಟ್ಟೆ ಇಟ್ಟು ಬಂದಳು. ಹಾಳೆ ನೋಡಿದಳು, ನಮ್ಮಿಬ್ಬರ ಮುಖ ನೋಡಿದಳು. ಅಡುಗೆಮನೆಯ ದೀಪ ಆರಿಸಿದಳು. ಕನ್ನಡಕ ಒರೆಸಿಕೊಂಡು, ಹಾಳೆಯನ್ನು ಕಿಟಕಿಯ ಕಟ್ಟೆಗೆ ಒಯ್ದಳು. ಆ ನಿಲುವು, ಕತ್ತು ಒಂಚೂರು ಬಲಕ್ಕೆ ವಾಲಿಸಿ ನಿಲ್ಲುವುದು, ಅದು ಶೇಡ್ ರೂಮಿನದ್ದೇ. ಆದರೆ ಅಷ್ಟು ಹೊತ್ತು ಅವಳು ನೋಡಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

‘ಎರಡೂ ಒಂದೇ’ ಅಂದಳು.

ಸೊಸೆ ಯೂನಿಫಾರ್ಮಿನ ಗುಂಡಿ ತಿರುವುತ್ತಿದ್ದಳು. ಆ ಎರಡು ಪದ ಅಡುಗೆಮನೆಯಲ್ಲಿ ಹಾಗೇ ನಿಂತವು. ಯಾರ ಬಾಯಿಂದ ಅವನ್ನು ಮೊದಲು ಕೇಳಿದ್ದಳು ಅಂತ ಅವಳಿಗೂ ನೆನಪಾಗಿರಬೇಕು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

‘ಅಲ್ವಾ?’

‘ಅಲ್ಲ ಅತ್ತೆ.’

‘ಯಾವುದು ಹೊಸದು?’

‘ಬಲಗಡೇದು.’

‘ಇದು ಕೆಟ್ಟು ಎಷ್ಟು ದಿನ ಆಯ್ತು?’

‘ಮೂರು ವಾರ.’

‘ಮೂರು ವಾರ ಕುಡಿದೆಯಾ?’

‘ಹೂಂ.’

‘ಕತ್ತೆ’ ಅಂದಳು ಶೇಡಕ್ಕ. ಹಾಳೆ ಮಡಚಿಟ್ಟು ಒಳಗಿನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅಂತ ಸೊಸೆ ಹೇಳಿದ್ದಕ್ಕೆ ಒಂದೇ ಉತ್ತರ, ಬೇಡ. ಮಗ ಹೇಳಿದ, ಬೇಡ. ಎರಡು ದಿನ ಬಿಟ್ಟು ನಾನು ಹೋದೆ. ಅವಳು ಕೆಳಗೆ, ಬೀದಿಯ ಸಿಮೆಂಟ್ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತೆ.

‘ಭಾಷಣ ಮಾಡೋಕೆ ಬಂದ್ಯಾ?’

‘ಪೊರೆ ಬಂದಿರಬೇಕು ಅಕ್ಕ. ಎಲ್ಲರಿಗೂ ಬರುತ್ತೆ. ತೆಗೆದುಹಾಕ್ತಾರೆ.’

‘ತೆಗೀತಾರೆ. ತೆಗೆದು, ಈ ಕಣ್ಣು ಇಷ್ಟು ವರ್ಷದಿಂದ ಹಾಳಾಗಿತ್ತು ಅಂತ ಬರೆದುಕೊಡ್ತಾರೆ. ಆವಾಗ?’

‘ಆವಾಗ ಏನು?’

‘ಲಾಟರಿ.’

ಇಪ್ಪತ್ತೆರಡು ವರ್ಷದ ಹಿಂದಿನ ಆ ಮೆಟ್ಟಿಲನ್ನು ಅವಳು ಇನ್ನೂ ಇಳಿದು ಮುಗಿಸಿರಲಿಲ್ಲ ಅಂತ ನನಗೆ ಆಗ ಗೊತ್ತಾಯಿತು.

‘ಹನ್ನೊಂದು ಜನ ನನ್ನ ಕಣ್ಣಿನ ಮೇಲೆ ಒಳಗೆ ಬಂದ್ರು. ಆವತ್ತೇ ಕಣ್ಣು ಹೋಗಿದ್ದು, ಸುಮ್ನೆ ಎಡಗಡೆ ಅಂದಿದ್ರೆ? ಕಣ್ಣು ಹೋಗಿರೋದು ನಂಗೆ ಈಗಲೂ ಗೊತ್ತಾಗಲಿಲ್ಲವಲ್ಲ. ಆವಾಗ ಗೊತ್ತಾಗಿತ್ತು ಅಂತ ಏನು ಗ್ಯಾರಂಟಿ?’

‘ಗಿರಣಿನೇ ಇಲ್ಲ ಅಕ್ಕ. ಆ ಮ್ಯಾನೇಜರ್ ಎಲ್ಲೋ ಮೊಮ್ಮಕ್ಕಳ ಶೂಗೆ ಲೇಸು ಕಟ್ತಾ ಕೂತಿರ್ತಾನೆ. ಯಾರು ಬಂದು ಕೇಳ್ತಾರೆ ನಿನ್ನ?’

‘ನಾನು ಕೇಳ್ತೀನಿ’ ಅಂದಳು.

ನನಗೂ ಆವತ್ತು ಎರಡೂ ಒಂದೇ ಕಂಡಿತ್ತು ಅನ್ನುವ ಮಾತು ಬಾಯಿಯವರೆಗೆ ಬಂತು, ವಾಪಸ್ ನುಂಗಿದೆ.

ನನ್ನಿಂದಾಗದ್ದನ್ನು ಸೊಸೆ ಮಾಡಿದಳು. ಮರುದಿನ ಸಂಜೆ ಅವಳೇ ಕಿಟಕಿಯ ಭರಣಿ ಇಳಿಸಿ, ಹಳೆಯ ಪುಡಿಯನ್ನೇ ಜರಡಿ ಹಿಡಿದು, ಅತ್ತೆ ಕಲಿಸಿದ ಹಾಗೇ ಕಲಸಿ, ಬಾಟಲಿ ತುಂಬಿ ಫ್ರಿಜ್ಜಿಗಿಟ್ಟಳು. ಹೊಸ ಡಬ್ಬಿಯ ಮುಚ್ಚಳ ಬಿಗಿದೇ ಇತ್ತು.

‘ಅದನ್ನ ಚೆಲ್ಲು’ ಅಂದಳು ಶೇಡಕ್ಕ.

‘ಚೆಲ್ಲಲ್ಲ. ನೀವು ಪಾಸ್ ಮಾಡಿದ ಲಾಟು ಅತ್ತೆ. ನೀವು ಕಣ್ಣು ತೋರಿಸೋವರೆಗೆ ಇದೇ ಕುಡಿಯೋದು.’

‘ಹೊಟ್ಟೆ ಕೆಟ್ಟು ಸಾಯ್ತೀಯ.’

‘ಸಾಯಲ್ಲ. ಬಾಯಿ ಕೆಡುತ್ತೆ ಅಷ್ಟೇ. ಕಂಡಕ್ಟರಿಗೂ ಕೊಡ್ತೀನಿ. ಡಿಪೋದಲ್ಲಿ ಎಲ್ಲರಿಗೂ ಕೊಡ್ತೀನಿ. ನಮ್ಮತ್ತೆ ಮಾಡಿದ್ದು, ಕುಡೀರಿ ಅಂತ.’

ಹೇಳಿದ ಹಾಗೇ ಮಾಡಿದಳು. ಒಂದು ಗುಟುಕು ಕುಡಿದ ಕಂಡಕ್ಟರು ಅರ್ಧ ದಾರಿ ಟಿಕೆಟ್ ಕೊಡುವುದನ್ನೇ ಮರೆತನಂತೆ. ನಾನು ಉಪವಾಸ ಕೂತವರನ್ನು ನೋಡಿದ್ದೇನೆ, ಪೆನ್ನು ಕೆಳಗಿಟ್ಟವರನ್ನು ನೋಡಿದ್ದೇನೆ, ರಸ್ತೆಯಲ್ಲಿ ಮಲಗಿದವರ ಜೊತೆ ಮಲಗಿದ್ದೇನೆ. ಕುಡಿದು ಮುಷ್ಕರ ಹೂಡಿದವರನ್ನು ನೋಡಿದ್ದು ಅದೇ ಮೊದಲು. ನಾನಂತೂ ಹೇಳಿಕೊಟ್ಟದ್ದಲ್ಲ. ನನಗೆ ಹೊಳೆಯಲಿಲ್ಲವಲ್ಲ ಅಂತ ಹೊಟ್ಟೆಕಿಚ್ಚಾಯಿತು. ಮಗ ಆ ವಾರ ಒಂದೇ ಮಾತು ಆಡಿದ: ‘ಅಮ್ಮ, ಅವಳು ಬಿಡಲ್ಲ. ನನ್ನ ಬೈಕಲ್ಲಿ ಓಡಿಸೋದು ಕಲೀತಿದ್ದಾಗ ಏಳು ಸಲ ಬಿದ್ಳು, ಎಂಟನೇ ಸಲ ನನ್ನ ಹಿಂದೆ ಕೂರಿಸ್ಕೊಂಡ್ಳು.’

ಐದು ದಿನ ನಡೆಯಿತು. ಆರನೇ ದಿನ ಬೆಳಿಗ್ಗೆ ಸೊಸೆ ಬೂಟು ಹಾಕಿಕೊಂಡು ಬಾಗಿಲ ಹತ್ತಿರ ಬಂದರೆ ಶೇಡಕ್ಕ ಅಡ್ಡ ನಿಂತಿದ್ದಳು. ಸೊಸೆಯ ಬ್ಯಾಗಿನಿಂದ ಬಾಟಲಿ ಎಳೆದುಕೊಂಡು ಸಿಂಕಿಗೆ ಬಗ್ಗಿಸಿದಳು.

‘ಕೆಟ್ಟ ಮಾಲು ನನ್ನ ಹೆಸರಲ್ಲಿ ಗೇಟು ದಾಟಬಾರದು. ರಜೆ ಹಾಕು. ನಡಿ.’

‘ಎಲ್ಲಿಗೆ ಅತ್ತೆ?’

‘ಸಿನಿಮಾಕ್ಕೆ. ಎಲ್ಲಿಗಂತೆ.’

ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಚೆನ್ನಾಗಿ ಹಣ್ಣಾಗಿ ಹಳದಿ ತಿರುಗಿತ್ತು. ಪ್ರಪಂಚವನ್ನೆಲ್ಲ ಅವಳು ಅಷ್ಟು ದಿನ ಒಂದು ಹಳದಿ ಗಾಜಿನ ಹಿಂದೆ ನಿಂತು ನೋಡುತ್ತಿದ್ದಳು ಅಂತ ಡಾಕ್ಟರಮ್ಮ ಹೇಳಿದರಂತೆ. ಬಣ್ಣ ಮಂಕಾದದ್ದು ಗೊತ್ತಾಗಲಿಲ್ವಾ ಅಂತ ಕೇಳಿದ್ದಕ್ಕೆ ಶೇಡಕ್ಕ, ದಿನಕ್ಕೊಂದು ಕೂದಲೆಳೆಯಷ್ಟು ಬಂದ್ರೆ ಯಾರಿಗೆ ಗೊತ್ತಾಗುತ್ತೆ ಅಂದಳಂತೆ. ಆಮೇಲೆ, ಎಷ್ಟು ವರ್ಷದಿಂದ ಇರಬಹುದು ಅಂತ ತಾನೇ ಕೇಳಿದಳು. ಖಚಿತವಾಗಿ ಹೇಳೋಕಾಗಲ್ಲ, ಐದಾರು ವರ್ಷ, ಜಾಸ್ತಿನೂ ಇರಬಹುದು ಅಂದರು. ಆ ‘ಜಾಸ್ತಿ’ಯನ್ನು ಅವಳು ಮನೆಗೆ ಹೊತ್ತುಕೊಂಡು ಬಂದಳು.

ಮೊದಲು ಬಲಗಣ್ಣಿಗೆ ಆಪರೇಷನ್, ತಿಂಗಳು ಬಿಟ್ಟು ಎಡಗಣ್ಣಿಗೆ ಅಂತ ನಿಗದಿಯಾಯಿತು. ಬಲಗಣ್ಣಿನ ಪಟ್ಟಿ ಬಿಚ್ಚಿದ ದಿನ ಮೊದಲು ಬೈದದ್ದು ಮಗನನ್ನು. ಗೋಡೆಗೆ ಕೆನೆಬಣ್ಣ ಹೊಡೆಸಿದೀನಿ ಅಂದಿದ್ದೆಯಲ್ಲೋ, ಇದು ಬಿಳಿ, ಅದೂ ನೀಲಿ ಹಾಕಿದ ಬಿಳಿ. ಆಮೇಲೆ ಸೊಸೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ‘ಇಷ್ಟು ಮಚ್ಚೆ ಇದ್ವಾ ನಿನಗೆ?’ ‘ನೀವು ನೋಡೋಕೆ ಬಂದಾಗಲೇ ಇದ್ವು ಅತ್ತೆ, ಈಗ ವಾಪಸ್ ತಗೊಳ್ಳಲ್ಲ’ ಅಂದಳು ಸೊಸೆ.

ಹತ್ತು ದಿನದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ನನ್ನ ಮನೆ ಬಾಗಿಲಿಗೇ ಬಂದಳು. ಕೂತ್ಕೋ ಅಂದರೆ ಆವತ್ತೂ ಕೂರಲಿಲ್ಲ.

‘ಆ ಎರಡು ತುಂಡು ಇದೆಯಾ ನಿನ್ನ ಹತ್ರ?’

‘ಯಾವ ತುಂಡು?’

‘ಗೊತ್ತಿಲ್ಲದವನ ಥರ ಆಡಬೇಡ.’

‘ಹುಡುಕಬೇಕು’ ಅಂದೆ.

ಹುಡುಕುವುದೇನಿತ್ತು, ಟ್ರಂಕಿನ ಎಡಮೂಲೆ, ಕೆಂಪು ದಾರದ ಫೈಲು. ಎರಡು ದಿನ ಅದನ್ನು ತೆಗೆಯದೆ ಕೂತೆ. ಇಲಿ ತಿಂದವು ಅಂದುಬಿಟ್ಟರೆ ಮುಗಿಯಿತು. ಅವಳು ಹೊಸ ಕಣ್ಣಿನಲ್ಲಿ ನೋಡಿ ಈಗಲೂ ಎರಡೂ ಒಂದೇ ಅಂದರೆ ಹನ್ನೊಂದು ಜನರಿಗೆ ಏನೂ ಆಗಲ್ಲ. ಅವರಲ್ಲಿ ನಾಲ್ವರು ಸತ್ತೇ ಹೋಗಿದ್ದಾರೆ. ಆದರೆ ಆ ಹೆಂಗಸಿನ ಮೂವತ್ತೊಂದು ವರ್ಷಕ್ಕೆ ಏನಾಗುತ್ತೆ, ನಾನು ಊರೆಲ್ಲ ಕೂಗಿಕೊಂಡು ತಿರುಗಿದ ಗೆಲುವಿಗೆ ಏನಾಗುತ್ತೆ? ಮೂರನೇ ದಿನ ಫೈಲು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದೆ. ಇಲಿಯ ಸುಳ್ಳು ಅವಳ ಮುಂದೆ ನಿಲ್ಲುತ್ತಿರಲಿಲ್ಲ.

ಮಧ್ಯಾಹ್ನ ಮೂರು ಗಂಟೆ. ದೀಪ ಆರಿಸಿದಳು. ಕಿಟಕಿಯ ಕಟ್ಟೆ ಒರೆಸಿ ಬಿಳಿ ಹಾಳೆ ಹಾಸಿದಳು. ಫೈಲಿನ ಕತ್ತಲಲ್ಲಿ ಇಪ್ಪತ್ತೆರಡು ವರ್ಷ ಇದ್ದ ತುಂಡುಗಳು ನಿನ್ನೆ ಕತ್ತರಿಸಿದ ಹಾಗಿದ್ದವು. ಬೆನ್ನಿಗೆ ಪೆನ್ಸಿಲ್ ಗೀಟು ಇನ್ನೂ ಇತ್ತು. ಸೊಸೆ ಬೆನ್ನ ಹಿಂದೆ ಅದಲುಬದಲು ಮಾಡಿ ಹಾಳೆಯ ಮೇಲಿಟ್ಟಳು. ನಾನು ಬಗ್ಗಿ ನೋಡಿದೆ. ಸುಳ್ಳು ಯಾಕೆ, ಎರಡೂ ಒಂದೇ.

ಶೇಡಕ್ಕ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಳು. ಕತ್ತು ಒಂಚೂರು ಬಲಕ್ಕೆ.

‘ಬಲಗಡೇದು ಹೊಸ ಡ್ರಮ್ಮು.’

ಸೊಸೆ ತಿರುಗಿಸಿದಳು. ಎರಡು ಗೀಟು.

‘ಇನ್ನೊಂದ್ಸಲ’ ಅಂದಳು ಶೇಡಕ್ಕ.

ಎಡಗಡೆ. ಎರಡು ಗೀಟು. ಇನ್ನೊಂದ್ಸಲ. ಎಡಗಡೆ. ಸೊಸೆ ಚಾಲಾಕಿ ಮಾಡಿ ಅದಲುಬದಲು ಮಾಡಿದ ಹಾಗೆ ನಟಿಸಿ ಅದೇ ಜಾಗದಲ್ಲಿಟ್ಟಳು. ‘ಎಡಗಡೆನೇ, ನಿನ್ನ ಡ್ರೈವಿಂಗ್ ಬುದ್ಧಿ ನನ್ನ ಹತ್ರ ತೋರಿಸಬೇಡ’ ಅಂದಳು ಶೇಡಕ್ಕ. ಆರು ಸಲ ಆಯಿತು. ಆರು ಸಲವೂ ಎರಡು ಗೀಟು.

ಆಮೇಲೆ ನಾವು ಎಣಿಸಿರದ ಒಂದು ಕೆಲಸ ಮಾಡಿದಳು. ಕೈ ಬದಲಾಯಿಸಿ ಹೊಸ ಕಣ್ಣು ಮುಚ್ಚಿಕೊಂಡು, ಪೊರೆ ತೆಗೆಯದ ಎಡಗಣ್ಣಿನಿಂದ ನೋಡಿದಳು. ‘ಇಡು’ ಅಂದಳು. ಸೊಸೆ ಇಟ್ಟಳು.

‘ಎರಡೂ ಒಂದೇ.’

ಮತ್ತೆ ಇಟ್ಟಳು.

‘ಒಂದೇ. ಏನು ಮಾಡಿದ್ರೂ ಒಂದೇ.’ ಕೈ ತೆಗೆದು ನಮ್ಮ ಕಡೆ ತಿರುಗಿದಳು. ಇಷ್ಟಗಲ ನಗುತ್ತಿದ್ದಳು. ‘ಆವತ್ತು ಈ ಕಣ್ಣು ಇದ್ದಿದ್ರೆ ಹಳದಿ ಓಡ್ತಿದೆ ಅನ್ನೋ ಮಾತೇ ನನ್ನ ಬಾಯಿಂದ ಬರ್ತಿರಲಿಲ್ಲ. ಆ ತುಂಡು ಹುಟ್ಟೋಕೆ ಮುಂಚೆ ನಿನ್ನ ಆಫೀಸಿಗೆ ಬಂದು ಹೇಳಿದೀನಿ. ಕಂಡಿದ್ದಕ್ಕೆ ಹೇಳಿದೀನಿ.’

‘ಅಕ್ಕ’ ಅಂದೆ, ‘ಆವತ್ತು ನನಗೂ ಎರಡೂ ಒಂದೇ ಕಂಡಿತ್ತು.’

‘ಗೊತ್ತು. ಕಾಲರಿಗೂ ತೋಳಿಗೂ ಫರಕು ತಿಳಿಯದವನಿಗೆ ಅದು ಕಾಣುತ್ತಾ? ಕಾಣದೇ ಇದ್ರೂ ನಂಬಿ ಗಂಟಲು ಹರ್ಕೊಂಡೆಯಲ್ಲ, ಸಾಕು, ಕೂತ್ಕೋ.’

ಕೂತೆ. ಅವಳು ಕಪಾಟಿನ ಯಾವುದೋ ಮೂಲೆಯಿಂದ ಸೀಮೆಸುಣ್ಣದ ತುಂಡು ತಂದು, ಕಿಟಕಿಯ ಭರಣಿಯ ಮೇಲೆ ಅಡ್ಡಗೀಟು ಉದ್ದಗೀಟು ಎಳೆದಳು. ಗಾಜಿನ ಮೇಲೆ ಸರಿಯಾಗಿ ಮೂಡಲಿಲ್ಲ, ಉಗುಳು ಹಚ್ಚಿ ಮತ್ತೆ ಎಳೆದಳು. ಸೊಸೆ ಭರಣಿ ಎತ್ತಿ ಕಸದ ಬುಟ್ಟಿಗೆ ಹೊರಟರೆ ತಡೆದಳು. ಇರಲಿ, ಎಡಗಣ್ಣಿಗೂ ಒಂದು ಪರೀಕ್ಷೆ ಬೇಕಲ್ಲ.

ಹೊಸ ಡಬ್ಬಿಯ ಮುಚ್ಚಳ ಮತ್ತೆ ತೆಗೆದದ್ದು ಆ ಸಂಜೆಯೇ. ಜರಡಿ, ಚಮಚದ ಬೆನ್ನು, ಎರಡು ಚಮಚ ನೀರು, ಹಠ ಬಿಡಿಸುವುದು. ಪುಡಿ ತೆಗೆದ ತಕ್ಷಣ ಮುಚ್ಚಳ ಒತ್ತಿ, ಡಬ್ಬಿಯನ್ನು ತಾನೇ ಫ್ರಿಜ್ಜಿನ ಹಿಂದಿನ ಮೂಲೆಗೆ ತಳ್ಳಿದಳು. ಐವತ್ತು ಸಲ ಅಲ್ಲಾಡಿಸಿದ ಬಾಟಲಿಯನ್ನು ಕಿಟಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು.

‘ಏನಂತೆ ಅತ್ತೆ?’

‘ಈ ಕಣ್ಣಿಗೆ ಪಾಸು. ಆ ಕಣ್ಣಿನ ಮಾತು ಮುಂದಿನ ತಿಂಗಳು ಕೇಳೋಣ’ ಅಂದು ಮುಚ್ಚಳ ತೆಗೆದು, ಒಂದು ಗುಟುಕು ತಾನೇ ಕುಡಿದಳು. ಮುಖ ಕಿವುಚಿಕೊಂಡಳು. ‘ಥೂ, ಹುಲ್ಲೇ’ ಅಂದಳು. ‘ಆದ್ರೆ ಹಸಿ ಹುಲ್ಲು. ತಗೊಂಡು ಹೋಗು.’